ಒರತೆಯಿಲ್ಲದ ಬಾವಿ ಕಟ್ಟಿದವರು

ಆಲೂರಿನಿಂದ ಬಂದಿದ್ದ ತಂಗಿಯ ಮಗ ಮಜ್ಜಿಗೆ ಕುಡಿದು, ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಳ್ಳುವಾಗ, “ದೊಡ್ಡವ್ವಾ, ನಿಮ್ಮ ಓವರ್ಸಿಯರ್ ಮಾಮ ತೀರಿಕೊಂಡ್ರಂತ” ಎಂದ. ಕೆಲವರಿಗೆ ಮುಖ್ಯವಾದ ಮಾತನ್ನು ಹೊಸ್ತಿಲ ಮೇಲೆ ನಿಂತೇ ಹೇಳುವ ಅಭ್ಯಾಸ. ಅವನನ್ನು ಮತ್ತೆ ಒಳಗೆ ಕರೆದು ಕೂರಿಸಿ, ಏನಾಗಿತ್ತು, ಯಾವಾಗ, ಹೇಗೆ ಎಂದು ಕೇಳಿದೆ. “ವಯಸ್ಸಾಗಿತ್ತು, ಹೋದ್ರು. ಅಷ್ಟ” ಎಂದ. ಈ ‘ಅಷ್ಟ’ ಎನ್ನುವ ಮಾತನ್ನು ಓವರ್ಸಿಯರ್ ಮಾಮ ತಮ್ಮ ಜೀವಮಾನದಲ್ಲಿ ಒಪ್ಪಿದವರಲ್ಲ. ಯಾವ ವಿಷಯವಾದರೂ ಅಷ್ಟಕ್ಕೇ ಮುಗಿಯುವುದೆಂದರೆ ಅವರಿಗೆ ಊಟ ಅರ್ಧಕ್ಕೆ ಬಿಟ್ಟೆದ್ದಂತೆ ಆಗುತ್ತಿತ್ತು. ಹುಡುಗ ಹೋದ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚುಮರೆ ಏಕೆ.

ಅವರು ಪತ್ತಿಕೊಂಡದ ಕಡೆಯವರು. ಬಿಳಿಯ ಸೈನಿಕರ ಬೀಡಾದ ಬಳ್ಳಾರಿಯ ದಂಡಿನಲ್ಲಿ ಕಟ್ಟಡದ ಕೆಲಸ ನೋಡುವ ಸರಕಾರಿ ಓವರ್ಸಿಯರ್ ಆಗಿದ್ದು ನಿವೃತ್ತರಾಗಿ ಆಲೂರಿನಲ್ಲಿ ನೆಲೆಸಿದ್ದರು. ಆಗ ನಮ್ಮೂರು ಆದೋನಿ, ಅವರ ಆಲೂರು ಎಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ತಲೆಯ ಮೇಲೆ ಬೆಂಡಿನ ಸೋಲಾ ಟೋಪಿ, ಮೈಮೇಲೆ ಖಾಕಿ ಕೋಟು, ಸೊಂಟದಿಂದ ಕೆಳಗೆ ಕಚ್ಚೆಪಂಚೆ, ಕಾಲಿಗೆ ಭಾರವಾದ ಬೂಟು. ಮೇಲಿನ ಅರ್ಧ ಸರಕಾರದ್ದು, ಕೆಳಗಿನ ಅರ್ಧ ಪತ್ತಿಕೊಂಡದ್ದು ಎಂದು ನಮ್ಮಪ್ಪ ಚೇಷ್ಟೆ ಮಾಡುತ್ತಿದ್ದರು. ಆಳು ಗಿಡ್ಡ, ದನಿ ದೊಡ್ಡದು. ಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದರು: ಗೋಡೆ, ಹಂಡೆ, ಬಾಗಿಲು, ಒಮ್ಮೆ ನಮ್ಮ ಮನೆಗೆ ಬಂದಿದ್ದ ಬೀಗರ ಪೆಟ್ಟಿಗೆ. ಕುಟ್ಟಿದ ಮೇಲೆ ಎರಡು ಪ್ರಶ್ನೆ ಕೇಳುತ್ತಿದ್ದರು. “ಇದಕ್ಕೇನಂತಾರ? ಇದು ಯಾಕ ಐತಿ?” ಎದುರಿನವರಿಗೆ ಉತ್ತರ ಗೊತ್ತಿದ್ದರೆ ಮಾಮನ ಮುಖ ಸ್ವಲ್ಪ ಬಾಡುತ್ತಿತ್ತು. ಗೊತ್ತಿಲ್ಲದಿದ್ದರೆ ಅರಳುತ್ತಿತ್ತು, ತಾವೇ ಹೇಳಬಹುದಲ್ಲ ಎಂದು.

ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು ಎಂದಲ್ಲ. ನಮ್ಮ ಹತ್ತಿ ಗಿರಣಿಯ ಸಿಳ್ಳು ಕೂಗುವುದು ಕೊಳವೆಯೊಳಗಿನ ಗಾಳಿಯಿಂದ ಎಂದು ಒಂದು ಸಂಜೆ ನಮಗೆಲ್ಲ ವಿವರಿಸಿದರು. ಗಿರಣಿಯ ಬಾಯ್ಲರ್ ನೋಡಿಕೊಳ್ಳುವವನು ಅಲ್ಲೇ ಇದ್ದ. “ಗಾಳಿ ಅಲ್ರಿ, ಉಗಿ” ಎಂದ. ಓವರ್ಸಿಯರ್ ಮಾಮ ಒಂದಿಷ್ಟೂ ಪೆಚ್ಚಾಗಲಿಲ್ಲ. ಮಾರನೆಯ ದಿನ ಅದೇ ಬಾಯ್ಲರಿನವನನ್ನು ನಿಲ್ಲಿಸಿಕೊಂಡು, ಸಿಳ್ಳಿನ ಕೂಗು ಉಗಿಯಿಂದ ಬರುತ್ತದೆ ಎಂದು ಉದಾಹರಣೆ ಸಮೇತ ತಿಳಿಸಿಕೊಟ್ಟರು. ಆ ಮನುಷ್ಯ ಹೌದು ಹೌದು ಎಂದು ಕೇಳಿಸಿಕೊಂಡ, ಬೇರೆ ಏನು ಮಾಡಲಾದೀತು.

ಇಂಥವರು ನಮ್ಮ ಮನೆಗೆ ಬಂದದ್ದು ನನ್ನ ಕಾಲಿನ ದೆಸೆಯಿಂದ.

ನಮ್ಮದು ಹತ್ತಿ ವ್ಯಾಪಾರದ ಮನೆ. ಮನೆಯ ಹಿಂದೆಯೇ ಹತ್ತಿಯ ಬೀಜ ತೆಗೆಯುವ ಗಿರಣಿ. ಚಿಕ್ಕವಳಿದ್ದಾಗ ಒಂದು ಜ್ವರ ಬಂದು ಹೋಯಿತು, ಹೋಗುವಾಗ ನನ್ನ ಎರಡೂ ಕಾಲಿನ ಕಸುವನ್ನು ತೆಗೆದುಕೊಂಡು ಹೋಯಿತು. ಗೋಡೆ ಹಿಡಿದು, ಇಲ್ಲವೇ ಯಾರದಾದರೂ ಭುಜ ಹಿಡಿದು ನಡೆಯುತ್ತಿದ್ದೆ. ಅಂಗಳದ ನಡುವೆ ಹಿಡಿಯಲು ಏನೂ ಇಲ್ಲದ ಜಾಗ ಬಂದರೆ ಕುಂಡೆ ಊರಿ ಕೂತುಬಿಡುತ್ತಿದ್ದೆ. ಉರುಕುಂದದ ಈರಣ್ಣನಿಗೆ ಹರಕೆ ಆಯಿತು, ಎಣ್ಣೆ ಉಜ್ಜಿದ್ದಾಯಿತು. ನನಗೆ ಹನ್ನೆರಡು ತುಂಬಿದಾಗ ಅಪ್ಪ ಮದರಾಸಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ನನ್ನ ಕಾಲನ್ನು ತಿರುವಿ ಮುರುವಿ ನೋಡಿ, ಇವಳನ್ನು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ದಿನಾ ಓಡಾಡಿಸಿ ಎಂದರು. ನೀರು ಮೈಯ ಭಾರ ಹೊರುತ್ತದೆ, ಕಾಲು ತನ್ನ ಕೆಲಸವನ್ನು ಮತ್ತೆ ಕಲಿಯುತ್ತದೆ. ಏನನ್ನೂ ಹಿಡಿಯದೆ ನೀರಿನಲ್ಲಿ ನಡೆದಳೆಂದರೆ ನೆಲದ ಮೇಲೂ ನಡೆಸುವ ಹೊಣೆ ನನ್ನದು. ಆದರೆ ಮೈ ಬೆಳೆಯುವ ಕಾಲ ಮುಗಿಯುವುದರೊಳಗೆ ಆಗಬೇಕು, ಆಮೇಲೆ ಬಂದರೆ ನನ್ನ ಕೈಯಲ್ಲಿ ಏನೂ ಇಲ್ಲ. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು.

ಬೆಚ್ಚಗಿನ ನೀರು, ಅದೂ ಓಡಾಡುವಷ್ಟು, ಆದೋನಿಯಲ್ಲಿ! ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ಊರು. ಆದರೆ ನಮ್ಮ ಗಿರಣಿಯ ಅಂಗಳದಲ್ಲಿ ಎಂದೂ ಬತ್ತದ ಒಂದು ಬಾವಿ ಇತ್ತು, ಹತ್ತಿಯ ಹಂಗಾಮಿನಲ್ಲಿ ಹಗಲೆಲ್ಲ ಉರಿಯುವ ಬಾಯ್ಲರ್ ಇತ್ತು. ಉಳಿದದ್ದು ಕೊಳ ಕಟ್ಟುವವರು. ದಂಡಿನ ಗೋರಾ ಸಿಪಾಯಿಗಳಿಗೆ ಈಜುವ ಕೊಳ ಕಟ್ಟಿಸಿದ ಓವರ್ಸಿಯರ್ ಒಬ್ಬರು ಆಲೂರಿನಲ್ಲಿದ್ದಾರೆ ಎಂದು ಯಾರೋ ಹೇಳಿದರು.

ಬಂದ ದಿನ ಅವರು ಅಪ್ಪನ ಹತ್ತಿರ ಜಾಗದ ಮಾತಾಡಲಿಲ್ಲ, ಬಾವಿ ನೋಡಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದ ನನ್ನ ಮುಂದೆ ಬಂದು ಟೋಪಿ ತೆಗೆದು ನೆಲದ ಮೇಲಿಟ್ಟು ಕೂತರು.

“ತಂಗೀ, ನಿನ್ನ ಪಾದ ಎಷ್ಟು ಎತ್ತರ ಏಳತೈತಿ?”

“ಏಳಂಗಿಲ್ಲ ಅಂತನ ನಿಮ್ಮನ್ನ ಕರಸ್ಯಾರ” ಎಂದೆ. ಆಗ ನನ್ನ ಬಾಯಿ ಬಹಳ ಜೋರು. ಕಾಲಿಗೆ ಸಿಗಬೇಕಾದ ಕಸುವೆಲ್ಲ ನಾಲಿಗೆಗೆ ಹೋಗಿದೆ ಎಂದು ಅಜ್ಜಿ ಬೈಯುತ್ತಿದ್ದಳು.

“ಹಂಗಲ್ಲವಾ. ಸ್ವಲ್ಪರ ಏಳತೈತಿಲ್ಲ? ಆ ಸ್ವಲ್ಪ ಎಷ್ಟು?” ಎಂದು ಹೊರಗಿನಿಂದ ಹಂಚಿನ ಚೂರು ತರಿಸಿ ನನ್ನ ಕಾಲ ಮುಂದೆ ಒಂದರ ಮೇಲೊಂದು ಇಡುತ್ತಾ ಹೋದರು. ಒಂದು ಹಂಚಿನ ಮೇಲೆ ಕಾಲಿಟ್ಟೆ. ಇನ್ನೊಂದು ಇಟ್ಟರು, ಅದರ ಮೇಲೂ ಇಟ್ಟೆ. ಮತ್ತೂ ಒಂದು ಇಟ್ಟಾಗ ಆಗಲಿಲ್ಲ. “ಸಾಕು, ಇದು ನಿನ್ನ ಮೆಟ್ಟಿಲು. ಕೊಳದಾಗ ಎಲ್ಲಾ ಮೆಟ್ಟಿಲು ಇಷ್ಟ ಎತ್ತರ ಇರತಾವ” ಎಂದರು. ಅಲ್ಲಿಯತನಕ ನನ್ನ ಕಾಲಿನ ಕೈಲಿ ಏನು ಆಗುವುದಿಲ್ಲ ಎಂದು ಎಲ್ಲರೂ ಕೇಳಿದ್ದರು. ಏನು ಆಗುತ್ತದೆ ಎಂದು ಕೇಳಿದವರು ಇವರೊಬ್ಬರೇ. ಆ ಗಳಿಗೆಯಿಂದ ನನಗೆ ಅವರೆಂದರೆ ಪ್ರಾಣ. ಹಾಗೆಂದು ಅವರೊಡನೆ ಜಗಳ ಆಡುವುದನ್ನೇನೂ ನಾನು ಬಿಡಲಿಲ್ಲ.

ಅಗೆತ ಶುರುವಾಯಿತು. ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಬೇವಿನ ಮರದ ಕೆಳಗೆ ಇಡುತ್ತಿದ್ದರು, ಪಕ್ಕದಲ್ಲಿ ಮಣೆ ಹಾಕಿಕೊಂಡು ಅಜ್ಜಿ. ಅಪ್ಪನ ತಾಯಿ ಅವಳು, ಮನೆಯಲ್ಲಿ ಅವಳ ಮಾತೇ ಕಡೆಯ ಮಾತು. ಊರಿನವರು ಬಂದು ಇಣುಕಿ ಹೋಗುತ್ತಿದ್ದರು. ಬಾವಿ ತೋಡುತ್ತಿದ್ದಾರೆ ಎಂದೇ ಎಲ್ಲರ ಎಣಿಕೆ.

“ಒರತಿ ಬಿತ್ತೇನಪ್ಪಾ ಓವರ್ಸಿಯರಪ್ಪಾ?” ಎಂದು ಅಜ್ಜಿ ದಿನಾ ಕೇಳುವಳು.

“ಒರತಿ ಬರಬಾರದ್ರಿ ಅಮ್ಮಾರ. ಇದಕ್ಕ ನೀರು ನಾವು ತುಂಬೂದು. ಕೆಳಗಿಂದ ನೀರು ಬಂದ್ರ ನೆಲ ಎತ್ತಿ ಒಗಿತೈತಿ.”

“ಒರತಿ ಇಲ್ಲದ ಬಾವಿ! ಇಂಥಾದ್ದು ನಮ್ಮ ವಂಶದಾಗ ಯಾರೂ ತೋಡಿಲ್ಲ.”

ಅವರ ವಿವರಣೆಯ ಊಟೆ ಚಿಮ್ಮಿದ್ದು ಆಗಲೇ. ಕೊಳದ ಪ್ರತಿಯೊಂದು ಭಾಗಕ್ಕೂ ದೊರೆಗಳ ಭಾಷೆಯಲ್ಲಿ ಒಂದು ಹೆಸರಿತ್ತು. ಅದನ್ನು ಹೇಳಿದರೆ ಅಜ್ಜಿಗಾಗಲಿ ಗಾರೆಯವರಿಗಾಗಲಿ ತಿಳಿಯುತ್ತಿರಲಿಲ್ಲ. ಆದ್ದರಿಂದ ಅವರು ಕೊಳವನ್ನೆಲ್ಲ ಒಂದು ಮೈ ಮಾಡಿಬಿಟ್ಟರು. ಅಂಚಿನ ಸುತ್ತ ಒಳಗೆ ಸ್ವಲ್ಪ ಚಾಚಿ ಗುಂಡಗೆ ತಿದ್ದಿದ ಕಲ್ಲು ಕೂರಿಸಿದರು, ದಣಿದವರು ಬಂದು ಬೆರಳು ಸಿಕ್ಕಿಸಿ ನಿಲ್ಲುವುದಕ್ಕೆ. ಕೋಪಿಂಗ್ ಎಂದು ಅದರ ಹೆಸರು. “ಇದು ತುಟಿ” ಎಂದರು. ತುಟಿಯ ಕೆಳಗೆ ಗೋಡೆಯುದ್ದಕ್ಕೂ ಒಂದು ಸಣ್ಣ ಕಾಲುವೆ. ನೀರಿನ ಮೇಲೆ ತೇಲುವ ಕಸ, ನೊರೆ, ಎಲೆ ಎಲ್ಲ ಅದರೊಳಗೆ ಬಿದ್ದು ಹೋಗಬೇಕು. ಅದು ಗಂಟಲು. ಬದಿಯಲ್ಲಿ ಒಂದು ಬೇರೆ ತೊಟ್ಟಿ ಕಟ್ಟಿ, ತಳಕ್ಕೆ ದಪ್ಪ ಗರಸು, ಅದರ ಮೇಲೆ ಸಣ್ಣ ಗರಸು, ಅದರ ಮೇಲೆ ತುಂಗಭದ್ರೆಯ ತೊಳೆದ ಮರಳು ಹಾಸಿದರು. ಗಿರಣಿಯ ಪಂಪು ಕೊಳದ ನೀರನ್ನು ಮೇಲಿನಿಂದ ಸುರಿದರೆ ಕೆಳಗೆ ಸೋಸಿ ಮತ್ತೆ ಕೊಳಕ್ಕೆ ಬರಬೇಕು. ಫಿಲ್ಟರ್ ಎಂದು ಅದಕ್ಕೆ ಹೆಸರು. “ಹೊಟ್ಟಿ ಇದು. ತಿಂದದ್ದು ಅರಗಿಸತೈತಿ. ಇದು ಕೆಟ್ಟರ ಮೈಯೆಲ್ಲ ಕೆಟ್ಟಂಗ” ಎಂದರು. ಬಾಯ್ಲರಿನಿಂದ ಬಂದ ಉಗಿಯ ಕೊಳವೆಯನ್ನು ಒಂದು ಹಂಡೆಯೊಳಗೆ ಚಕ್ಕುಲಿ ಸುತ್ತಿದ ಹಾಗೆ ಸುತ್ತಿ, ಕೊಳಕ್ಕೆ ಹೋಗುವ ನೀರು ಆ ಹಂಡೆಯನ್ನು ಹಾದು ಬೆಚ್ಚಗಾಗುವಂತೆ ಮಾಡಿದರು. ಅದು ರಕ್ತ. ತಳದಲ್ಲಿ, ಎಲ್ಲಕ್ಕಿಂತ ಆಳದ ಜಾಗದಲ್ಲಿ, ಹಿತ್ತಾಳೆಯ ಜಾಲರಿ ಮುಚ್ಚಿದ ತೂಬು. ಅದಕ್ಕೆ ಯಾವ ಅಂಗದ ಹೆಸರಿಟ್ಟರು ಎಂದು ಬರೆಯುವುದು ಸಭ್ಯವಲ್ಲ. ಗಾರೆಯವರು ಮಾತ್ರ ಅದನ್ನೇ ಬಹಳ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಒಳಗಿನ ಮೂಲೆಗಳನ್ನು ಒಂದೂ ಚೂಪಾಗಿ ಬಿಡಲಿಲ್ಲ, ಗಾರೆ ತುಂಬಿ ದುಂಡು ಮಾಡಿಸಿದರು. ಏಕೆ ಎಂದೆ. “ಮೂಲಿ ಇದ್ದಲ್ಲಿ ಕೊಳಿ ಕೂಡತೈತಿ. ಕೊಳದಾಗೂ ಹಂಗ, ಕಚೇರ್ಯಾಗೂ ಹಂಗ” ಎಂದು ಗಂಭೀರವಾಗಿ ಹೇಳಿದರು. ಗೋಡೆಯುದ್ದಕ್ಕೂ ನನ್ನ ಎದೆಯ ಎತ್ತರಕ್ಕೆ ಕಬ್ಬಿಣದ ಕೊಳವೆ ಕೂರಿಸಿದರು, ನಾನು ಹಿಡಿದು ನಡೆಯಲು. ಕೈಹಿಡಿ ಎಂದು ಹೆಸರು. ಇದಕ್ಕೆ ಮೈಯ ಹೆಸರು ಇಲ್ಲವೇ ಎಂದು ಕೇಳಿದೆ. “ಇಲ್ಲ, ಇದು ಹೊರಗಿನದು. ನಿನಗ ಬ್ಯಾಡಾದ ದಿನ ಕಿತ್ತು ಗಿರಣಿಗೆ ಕೊಡತೇನಿ” ಎಂದರು.

ನೆಲದ ಗಾರೆ ಒಣಗಿದ ಮೇಲೆ ಇಳಿಜಾರು ನೋಡಬೇಕಿತ್ತು. ಅದಕ್ಕೆ ಅವರದೊಂದು ವಿದ್ಯೆ. ಜೇಬಿನಿಂದ ಗಾಜಿನ ಗೋಲಿ ತೆಗೆದು ನನ್ನ ಕೈಗೆ ಕೊಟ್ಟು, ಕಡಿಮೆ ಆಳದ ಕಡೆಯಿಂದ ಉರುಳಿಸು ಎಂದರು. ಗೋಲಿ ಮೆಲ್ಲಗೆ ಹೊರಟು, ನಡುವೆ ನೆಲ ಬಾಗುವಲ್ಲಿ ಓಟ ಕಲಿತು, ನೇರ ಹೋಗಿ ತೂಬಿನ ಜಾಲರಿಯ ಮೇಲೆ ಟಿಣ್ ಎಂದು ನಿಂತಿತು. ಎಲ್ಲೆಲ್ಲಿಂದ ಉರುಳಿಸಿದರೂ ಅಲ್ಲಿಗೇ ಹೋಯಿತು. ಓವರ್ಸಿಯರ್ ಮಾಮ ಚಪ್ಪಾಳೆ ತಟ್ಟಿದರು, ಕುಣಿಯುವುದೊಂದು ಬಾಕಿ.

ಇದೆಲ್ಲ ಬಾಯಿ ತುಂಬ ಹೇಳುವ ಮನುಷ್ಯನಿಗೆ ಒಂದು ದಿನ ನಾನು ಸಹಜವಾಗಿ ಕೇಳಿದೆ: “ಮಾಮಾ, ನೀರಾಗ ನಿಂತ್ರ ಹೆಂಗಿರತೈತಿ?”

ಅವರು ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.

“ಅದು ನನಗ ಗೊತ್ತಿಲ್ಲವಾ.”

ದಂಡಿನ ಕೊಳ ಗೋರಾ ಸಿಪಾಯಿಗಳದ್ದು. ಕಟ್ಟಿದವರು ನೀರು ತುಂಬುವತನಕ ಅದರೊಳಗೆ ಓಡಾಡಬಹುದು, ತುಂಬಿದ ಮೇಲೆ ಅಂಚಿನ ಹತ್ತಿರ ಸುಳಿಯುವುದಕ್ಕೂ ಅಪ್ಪಣೆ ಬೇಕು. ಹುಡುಗನಾಗಿದ್ದಾಗ ಬಾವಿಗೆ ಇಳಿದು ಕಲಿತದ್ದೂ ಇಲ್ಲ. ಈಜು ಬಾರದು, ಮುಳುಗೂ ಬಾರದು. “ತುಂಬಾ ದಿನದಿಂದ ನನಗೂ ತಿಳ್ಕೋಬೇಕು ಅಂತೈತಿ. ನೀ ಇಳಿದ ಮ್ಯಾಲೆ ನನಗ ಹೇಳು, ಒಂದೂ ಬಿಡಬಾರದು” ಎಂದರು. ಹೇಳುವವರೇ ಕೇಳುವವರಾದದ್ದು ನನಗೆ ಬಹಳ ದೊಡ್ಡಸ್ತಿಕೆ ತಂದಿತು.

ನೀರು ತುಂಬಿದರು. ಆದೋನಿಯ ಬಿಸಿಲಿನಲ್ಲಿ ನೀರು ಇಳಿಯುವುದು ಸಹಜ. ಗೋಡೆ ಸೋರಿ ಇಳಿಯುತ್ತಿದೆಯೋ, ಬಿಸಿಲಿಗೆ ಇಳಿಯುತ್ತಿದೆಯೋ ತಿಳಿಯುವುದು ಹೇಗೆ? ಒಂದು ಬೋಗುಣಿಗೆ ಅದೇ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಅರ್ಧ ಮುಳುಗಿಸಿ ಇಟ್ಟು, ಬೋಗುಣಿಗೂ ಕೊಳದ ಗೋಡೆಗೂ ನೀರಿನ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆದರು. ಬಿಸಿಲು ಎರಡರಿಂದಲೂ ಒಂದೇ ಸಮ ಕುಡಿಯುತ್ತದೆ. ಕೊಳದ್ದು ಹೆಚ್ಚು ಇಳಿದರೆ ಅದು ನೆಲ ಕುಡಿದದ್ದು. ಮಾರನೆಯ ದಿನ ಎರಡೂ ಗೆರೆಯಿಂದ ಒಂದೇ ಅಳತೆ ಇಳಿದಿದ್ದವು. “ಕಳ್ಳ ಅಂದ್ರ ಸೂರ್ಯ. ನಮ್ಮ ಗ್ವಾಡಿ ಸಾಚಾ” ಎಂದು ಓವರ್ಸಿಯರ್ ಮಾಮ ಇಡೀ ಗಿರಣಿಗೆ ಕೇಳುವಂತೆ ಸಾರಿದರು.

ಅಂದು ಸಂಜೆ ಅಜ್ಜಿ ಮೊರ ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಎಲೆ ಅಡಿಕೆ, ಹಸಿರು ಬಳೆ, ರವಿಕೆಗೆಂದು ಒಂದು ಕುಬಸದ ಕಣ. ಹೊಸ ಬಾವಿಗೆ ನೀರು ಬಂದರೆ ಗಂಗಮ್ಮನ ಪೂಜೆ ಇದ್ದದ್ದೇ. ಇದು ಬಾವಿಯಲ್ಲ ಎಂದು ಯಾರೂ ತಕರಾರು ತೆಗೆಯಲಿಲ್ಲ. ಅಜ್ಜಿ ಬರೀ ಪೂಜೆ ಮಾಡಲಿಲ್ಲ, ಮನೆಮಗಳಿಗೆ ಮಡಿಲು ತುಂಬುವ ಹಾಗೆ ನೀರಿಗೆ ಉಡಿ ತುಂಬಿದಳು. ಓವರ್ಸಿಯರ್ ಮಾಮ ಟೋಪಿ ತೆಗೆದು ಕೈಮುಗಿದು, ದೀಪ ಯಾವ ದಿಕ್ಕಿಗೆ ಇಡಬೇಕೆಂದು ಸಲಹೆ ಸಹ ಕೊಟ್ಟರು.

ಮರುದಿನ ನಾನು ಇಳಿದೆ. ನನ್ನ ಮೆಟ್ಟಿಲು, ನನ್ನ ಎತ್ತರ. ಸೊಂಟ ಮುಳುಗುವಷ್ಟರಲ್ಲಿ ಏನೋ ಆಗಿಹೋಯಿತು. ಮೈಮೇಲೆ ಹೊತ್ತಿದ್ದ ಮೈಯೇ ಇಲ್ಲ. ಕೈಹಿಡಿಯನ್ನು ಎರಡೂ ಕೈಯಿಂದ ಹಿಡಿದು ನಿಂತೆ, ಕಾಲು ನಡುಗಲಿಲ್ಲ. ಅಳು ಬಂದಿತು. ಮೇಲಿನಿಂದ ಓವರ್ಸಿಯರ್ ಮಾಮ ಬಗ್ಗಿ, “ಹೆಂಗೈತಿ? ಹೇಳವಾ, ಹೆಂಗೈತಿ?” ಎಂದು ಪೀಡಿಸುತ್ತಿದ್ದರು.

“ಹಗುರ ಐತಿ ಮಾಮಾ.”

“ಎಷ್ಟು ಹಗುರ?”

“ಬೀಜ ತೆಗೆದ ಹತ್ತಿಯಷ್ಟು.”

ಆ ಮಾತನ್ನು ಅವರು ಬಾಯಲ್ಲೇ ಹೇಳಿಕೊಳ್ಳುತ್ತಾ ಅಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು.

ಮೊದಮೊದಲು ಎಲ್ಲ ಚೆನ್ನಾಗಿ ನಡೆಯಿತು. ಕೈಹಿಡಿ ಹಿಡಿದು ಹೋಗುತ್ತಿದ್ದೆ, ಬರುತ್ತಿದ್ದೆ. ಮೊಣಕಾಲು ಮಡಿಸುವುದು ಬಂದಿತು. ಎರಡು ಕೈಯ ಬದಲು ಒಂದೇ ಕೈ ಸಾಕೆನಿಸಿತು. ಆದರೆ ಅಜ್ಜಿಯ ಭಕ್ತಿ ಒಂದು ದಿನದ್ದಲ್ಲ. ಪ್ರತಿದಿನ ಬೆಳಗ್ಗೆ ಅರಿಸಿನ, ಕುಂಕುಮ, ಹೂವು, ಎಣ್ಣೆಯ ಬತ್ತಿ ನೀರಿಗೆ ಬೀಳುತ್ತಿದ್ದವು. ಮರಳಿನ ತೊಟ್ಟಿ ಕಟ್ಟಿಕೊಂಡಿತು. ಬೆಚ್ಚಗಿನ ನೀರಿಗೆ ಪಾಚಿ ಹಿಡಿಯಲು ಎಷ್ಟು ಹೊತ್ತು? ನೀರು ಮೊದಲು ಮಂಕಾಗಿ, ಆಮೇಲೆ ಹಸಿರಾಗಿ, ನೆಲ ಲೋಳೆಯಾಯಿತು. ಒಂದು ದಿನ ಜಾರಿ ನೀರು ಕುಡಿದೆ. ಕಿವಿ ಸೋರಿ ಜ್ವರ ಬಂದಿತು. ಓವರ್ಸಿಯರ್ ಮಾಮ ನನ್ನನ್ನು ಇಳಿಸಬೇಡಿ ಎಂದು ನಿಷ್ಠುರವಾಗಿ ಹೇಳಿ, ತೂಬು ತೆಗೆಯಲು ಆಳುಗಳಿಗೆ ಹೇಳಿದರು. ನೀರೆಲ್ಲ ಬಿಟ್ಟು, ಸುಣ್ಣ ಹಾಕಿ ತಿಕ್ಕಿ, ಮರಳು ತೊಳೆದು, ಹೊಸ ನೀರು ತುಂಬಿ, ಬ್ಲೀಚಿಂಗ್ ಪೌಡರು ಬೆರೆಸಬೇಕು. ಕೆಲವೇ ದಿನದ ಕೆಲಸ.

ಆಳುಗಳು ತೂಬು ತೆರೆಯುವ ಚಕ್ರದ ಹತ್ತಿರವೂ ಹೋಗಲಿಲ್ಲ. ಅಮ್ಮಾರು ಉಡಿ ತುಂಬಿದ ಗಂಗಮ್ಮನನ್ನು ಕೆಳಗಿನ ದಾರಿಯಿಂದ ಹೊರಗೆ ಹಾಕುವುದೇ? ಸುದ್ದಿ ಕೇಳಿದ ಅಜ್ಜಿ ಮಣೆ ತಂದು ಚಕ್ರವಿದ್ದ ಗುಂಡಿಯ ಮುಚ್ಚಳದ ಮೇಲೆಯೇ ಹಾಕಿಕೊಂಡು ಕೂತಳು.

“ಅಮ್ಮಾರ, ನೀರು ಕೆಟ್ಟೈತಿ” ಎಂದು ಓವರ್ಸಿಯರ್ ಮಾಮ ಗಾಜಿನ ಲೋಟದಲ್ಲಿ ಹಸಿರು ನೀರು ತಂದು ಬೆಳಕಿಗೆ ಹಿಡಿದರು.

“ಹಸಿರು ಬಳಿ ಇಟ್ಟೀನಿ, ಹಸರಾಗ್ಯಾಳ.”

“ಹಂಗಲ್ರಿ, ಇದು ಬರೇ ನೀರು. ಪೈಪಿನಾಗ ಬಂದದ್ದು.”

“ಬರೇ ನೀರು ಅಂತ ಈಗ ಹೇಳತಿ. ತುಟಿ ಐತಿ, ಗಂಟಲೈತಿ, ಹೊಟ್ಟಿ ಐತಿ, ಬಿಸಿ ರಕ್ತ ಐತಿ ಅಂತ ದಿನಾ ನನಗ ಹೇಳಿದಾಂವ ಯಾರಪ್ಪಾ? ನಾ ಏನು ಕಲ್ಲಿಗೆ ಉಡಿ ತುಂಬಿದ್ನಾ? ನೀ ಹೇಳಿದ ಮ್ಯಾಲೆ, ಹೆಣ್ಣುಮಗಳು ಮನಿಗೆ ಬಂದ್ಲು ಅಂತ ತುಂಬಿದೆ. ಮನಿಗೆ ಬಂದಾಕಿನ್ನ ಹೊರಗ ನೂಕಾಕ ನಾ ಒಲ್ಲೆ.”

ಓವರ್ಸಿಯರ್ ಮಾಮ ಲೋಟ ಕೆಳಗಿಟ್ಟರು. ತಾವು ಹೇಳಿದ್ದನ್ನು ಇಷ್ಟು ಚೆನ್ನಾಗಿ ಕಲಿತವರನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲವೆಂದು ಕಾಣುತ್ತದೆ. ಅಪ್ಪನಿಗೆ ಹೇಳಿದರೆ ಅಪ್ಪ, ಗಿರಣಿಯಲ್ಲಿ ಕೆಲಸವಿದೆ ಎಂದು ಎದ್ದು ಹೋದರು. ತಾಯಿಯ ಎದುರು ಮಾತಾಡಬೇಕಾಗಿ ಬಂದಾಗಲೆಲ್ಲ ನಮ್ಮಪ್ಪನಿಗೆ ಗಿರಣಿಯಲ್ಲಿ ಕೆಲಸವಿರುತ್ತಿತ್ತು.

ದಿನ ಹೋದವು. ನನ್ನ ಕುರ್ಚಿಯಿಂದ ಗಿರಣಿಯ ಅಂಗಳದಲ್ಲಿ ಹತ್ತಿಯ ಗುಡ್ಡೆ ಕಾಣುತ್ತಿತ್ತು. ಅದು ಕರಗುತ್ತಾ ಬರುತ್ತಿತ್ತು. ಗುಡ್ಡೆ ಮುಗಿದರೆ ಗಿರಣಿ ನಿಲ್ಲುತ್ತದೆ, ಬಾಯ್ಲರ್ ಆರುತ್ತದೆ, ಮತ್ತೆ ಬೆಚ್ಚಗಿನ ನೀರು ಮುಂದಿನ ಹಂಗಾಮಿಗೆ. ಅಷ್ಟರಲ್ಲಿ ನನಗೆ ಇನ್ನೊಂದು ವರ್ಷ ತುಂಬಿರುತ್ತದೆ. ಕಲಿತಿದ್ದ ಮೊಣಕಾಲು ಮತ್ತೆ ಬಿಗಿಯುತ್ತಿತ್ತು, ರಾತ್ರಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನನಗೆ ಅಜ್ಜಿಯ ಮೇಲೆ ಸಿಟ್ಟು, ಗಂಗಮ್ಮನ ಮೇಲೆ ಅದಕ್ಕಿಂತ ಸಿಟ್ಟು. ಓವರ್ಸಿಯರ್ ಮಾಮ ಮಾತ್ರ ಯಾರ ಮೇಲೂ ಸಿಟ್ಟಾಗದೆ ಬೇವಿನ ಕೆಳಗೆ ಕೂತು ತಮ್ಮ ಬೂಟನ್ನೇ ನೋಡುತ್ತಿದ್ದರು. ಏನನ್ನೂ ವಿವರಿಸದೆ ಅವರು ಅಷ್ಟು ಹೊತ್ತು ಕೂತದ್ದನ್ನು ನೋಡಿ ಆಳುಗಳಿಗೇ ಕಸಿವಿಸಿ ಆಯಿತು.

ಒಂದು ಮಧ್ಯಾಹ್ನ ಅವರು ಎದ್ದು ಹೋಗಿ ಅಜ್ಜಿಯ ಮುಂದೆ ಕೂತರು. ಟೋಪಿ ತೆಗೆದು ನೆಲದ ಮೇಲಿಟ್ಟರು.

“ಅಮ್ಮಾರ, ಒಂದು ಕೇಳ್ಲೇನ್ರಿ? ಉಡಿ ತುಂಬೂದು ಅಂತಾರಲ್ಲ, ಅದು ಯಾಕ?”

“ಇಷ್ಟು ವಯಸ್ಸಾಗೈತಿ, ಅದೂ ಗೊತ್ತಿಲ್ಲ?”

“ಮಾಡೂದು ನೋಡೀನಿ. ಯಾಕಂತ ಯಾರೂ ಹೇಳಿಲ್ಲ.”

ಅದು ನಟನೆಯಾಗಿರಲಿಲ್ಲ. ನಾನು ಆ ಮುಖವನ್ನು ಬಲ್ಲೆ, ನೀರಿನಲ್ಲಿ ಹೇಗಿರುತ್ತದೆ ಎಂದು ನನ್ನನ್ನು ಕೇಳಿದ್ದೂ ಅದೇ ಮುಖ. ಅಜ್ಜಿಗೆ ಹುರುಪು ಬಂದಿತು. ಯಾರಿಗಾದರೂ ಏನನ್ನಾದರೂ ತಿಳಿಸಿಕೊಡುವ ಸುಖವನ್ನು ಇಷ್ಟು ದಿನ ಓವರ್ಸಿಯರ್ ಮಾಮ ಒಬ್ಬರೇ ಉಂಡಿದ್ದರು. “ಅಕ್ಕಿ ಯಾಕಂದ್ರ, ಹ್ವಾದಲ್ಲಿ ಹಸಿಬಾರದು. ಅರಿಸಿಣ ಕುಂಕುಮ ಮುತ್ತೈದಿತನಕ್ಕ. ಕುಬಸ ಯಾಕಂದ್ರ, ತವರಿಂದು ಒಂದು ಅರಿವಿ ಮೈಮ್ಯಾಲಿರಲಿ ಅಂತ. ಮಗಳು ಗಂಡನ ಮನಿಗೆ ಹೊಂಟಾಗ ಬರೇ ಉಡೀಲೆ ಕಳಸಬಾರದು. ತುಂಬಿ ಕಳಿಸಿದ್ರ ಮತ್ತ ತವರಿಗೆ ಬರತಾಳ. ಹೊಂಟಾಕಿಗೆ...”

ಅಲ್ಲಿಗೆ ಅಜ್ಜಿಯ ಮಾತು ನಿಂತಿತು.

ಆ ಮಾತನ್ನು ತಾವೇ ಮುಗಿಸದೆ ಬಿಡಲು ಓವರ್ಸಿಯರ್ ಮಾಮ ತುಂಬ ಕಷ್ಟಪಟ್ಟಿರಬೇಕು.

ಅಜ್ಜಿ ನೀರನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗು ಕಣ್ಣಿಗೆ ಹೋಯಿತು. “ಈ ಕೂಸಿಗೆ ತುಂಬಿ ಕಳಸೂ ಯೋಗ ನನ್ನ ಹಣೀಮ್ಯಾಗ ಇಲ್ಲ ಅಂತ ತಿಳದಿದ್ದೆ ಓವರ್ಸಿಯರಪ್ಪಾ. ಗ್ವಾಡಿ ಹಿಡಿದು ನಡಿಯಾಕಿನ್ನ ಯಾರು ಕರಕೊಂಡು ಹೋಗತಾರ? ಅದಕ್ಕ ಆ ನೀರಿಗಿ ತುಂಬಿದೆ. ತುಂಬಿ, ಬಿಟ್ಟುಕೊಡಾಕ ಆಗವಲ್ದು.” ಅಜ್ಜಿ ಅಳುವುದನ್ನು ನಾನು ಅದೇ ಮೊದಲ ಸಲ ಕಂಡದ್ದು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗಾಗಿ ತೆಗೆದಿಟ್ಟಿದ್ದನ್ನೇ ಅವಳು ನೀರಿಗೆ ಕೊಟ್ಟಿದ್ದಳು.

ಕಣ್ಣೊರೆಸಿಕೊಂಡು, ನೀರಿನ ಕಡೆ ಕೈ ತೋರಿಸಿ, “ಎಲ್ಲಿಗೆ ಹೋಗತಾಳ ಈಕಿ?” ಎಂದು ಕೇಳಿದಳು.

“ಹಿತ್ತಲ ನಿಂಬಿ ಗಿಡಕ್ಕ ಕಾಲಿವಿ ತೆಗಸೇನ್ರಿ. ಅಲ್ಲಿಂದ ಮುಂದ ಮೆಂತ್ಯದ ಮಡಿಗೆ.”

“ಒಳ್ಳೆ ಮನಿ ಐತಿ” ಎಂದು ಅಜ್ಜಿ ಮಣೆ ಎತ್ತಿಕೊಂಡಳು. ಮತ್ತೊಮ್ಮೆ ಉಡಿ ತುಂಬಿ, ತೂಬಿನ ಚಕ್ರವನ್ನು ತಾನೇ ಮೊದಲು ಮುಟ್ಟಿ ತಿರುಗಿಸಿದಳು. ಕಾಲುವೆಯಲ್ಲಿ ನೀರು ಹಿತ್ತಲಿಗೆ ಹೊರಟಾಗ ನಿಂಬೆಗಿಡದವರೆಗೂ ಪಕ್ಕದಲ್ಲೇ ನಡೆದುಹೋಗಿ ಬಿಟ್ಟು ಬಂದ ಮುದುಕಿ ಅವಳು. ಅಲ್ಲಿಂದ ಮುಂದೆ ಹೂವು ಅರಿಸಿನ ಎಲ್ಲ ಅಂಚಿನ ಕಲ್ಲಿನ ಮೇಲೆ, ನೀರಿಗೆ ಒಂದು ಎಸಳೂ ಇಲ್ಲ. ಯಾರಾದರೂ ಕೊಳದೊಳಗೆ ಉಗುಳಿದರೆ, ಹೊಟ್ಟೆ ಕೆಡುತ್ತದೆ ಎಂದು ಬೈದು ಮರಳಿನ ತೊಟ್ಟಿಯ ಕೆಲಸವನ್ನು ವಿವರಿಸುತ್ತಿದ್ದಳು.

ಹೊಸ ನೀರು ಬೆಚ್ಚಗಾಗುವ ಹೊತ್ತಿಗೆ ಹತ್ತಿಯ ಗುಡ್ಡೆ ಮೊಣಕಾಲೆತ್ತರಕ್ಕೆ ಬಂದಿತ್ತು. ಬೆಳಗ್ಗೆ ಸಂಜೆ ಎರಡು ಹೊತ್ತೂ ಇಳಿದೆ. ಒಂದು ಕೈ ಸಾಕಾಯಿತು, ಒಂದು ಬೆರಳು ಸಾಕಾಯಿತು. ಆ ಬೆರಳನ್ನು ಮಾತ್ರ ತೆಗೆಯಲು ಆಗಲಿಲ್ಲ. ತೆಗೆಯಬೇಕೆಂದು ನೆನೆದರೆ ಸಾಕು, ಕೈಹಿಡಿಯನ್ನು ಮತ್ತೆ ಗಟ್ಟಿಯಾಗಿ ಹಿಡಿದುಬಿಡುತ್ತಿದ್ದೆ. ಅಪ್ಪ ರಮಿಸಿದರು, ಅಜ್ಜಿ ಬೈದಳು. ಕಡೆಯ ಹತ್ತಿ ಯಂತ್ರಕ್ಕೆ ಹೋಯಿತು. ನಾಳೆ ಬಾಯ್ಲರ್ ಆರಿಸುತ್ತಾರೆ ಎಂದು ಗೊತ್ತಾಯಿತು.

ಆ ಕಡೆಯ ದಿನ ಹೊತ್ತು ಇಳಿಯುತ್ತಿದ್ದಾಗ ನಾನು ನೀರಿನಲ್ಲಿದ್ದೆ, ಅಜ್ಜಿ ಮೆಟ್ಟಿಲ ತಲೆಯ ಮೇಲೆ ಕೂತಿದ್ದಳು. ಓವರ್ಸಿಯರ್ ಮಾಮ ಅಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ನನ್ನ ಕೈಯಲ್ಲಿ ಆಗದ ಸಿಟ್ಟನ್ನು ನಾನು ಅವರ ಮೇಲೆ ತೀರಿಸಿಕೊಂಡೆ.

“ಬಿಡು ಬಿಡು ಅಂತ ಮ್ಯಾಲೆ ನಿಂತು ಹೇಳೂದು ಹಗುರ ಮಾಮಾ. ನೀವೊಮ್ಮಿ ಇಳಿದು ನೋಡ್ರಿ. ಇಲ್ಲೇನು ಗೋರಾ ಸಿಪಾಯಿ ಅದಾರೇನು ನಿಮ್ಮನ್ನ ತಡಿಯಾಕ?”

ಅವರು ನಿಂತರು. ಟೋಪಿ ತೆಗೆದು ಅಜ್ಜಿಯ ಪಕ್ಕ ಇಟ್ಟು, ಬೂಟು ಬಿಚ್ಚಿ, ಕೋಟು ಬಿಚ್ಚುವುದನ್ನು ಮರೆತು ಮೆಟ್ಟಿಲು ಇಳಿದರು. ಒಂದೊಂದು ಮೆಟ್ಟಿಲಿಗೂ ನಿಂತು, “ಹಾಂ, ಪಾದ ಬೆಚ್ಚಗೈತಿ. ಹಾಂ, ಈಗ ಪಂಚಿ ತೇಲತೈತಿ” ಎಂದು ತಮಗೆ ತಾವೇ ವರದಿ ಒಪ್ಪಿಸುತ್ತಿದ್ದರು. ಸೊಂಟದ ನೀರಿಗೆ ಬಂದಾಗ ಅವರ ಮುಖ ಮಗುವಿನದಾಗಿತ್ತು. “ಖರೇನ ತಂಗೀ! ಬೀಜ ತೆಗೆದ ಹತ್ತಿನ!” ಎಂದು ನಗುತ್ತಾ, ಎರಡೂ ಕೈ ಚಾಚಿ, ಹಿಡಿಯುವುದಕ್ಕೆ ಏನೂ ಇಲ್ಲದ ಕೊಳದ ನಡುವಿಗೆ ಹೊರಟರು. ನೆಲ ಬಾಗುವ ಜಾಗ ಅದು. ಕಾಲು ಜಾರಿತು. ತಲೆ ಮುಳುಗಿತು. ಎದ್ದು ನಿಂತರೆ ಎದೆಮಟ್ಟದ ನೀರು, ಆದರೆ ನೀರು ಗೊತ್ತಿಲ್ಲದವರಿಗೆ ಅಷ್ಟರಲ್ಲೇ ನಿಲ್ಲುವುದು ತಿಳಿಯುವುದಿಲ್ಲ. ಎರಡು ಕೈ ಮಾತ್ರ ಮೇಲೆ ಬಡಿದಾಡುತ್ತಿದ್ದವು. ಅಜ್ಜಿ ಕಿರುಚಿ ಆಳುಗಳನ್ನು ಕೂಗಿದಳು.

ಆಮೇಲೆ ನನಗೆ ನೆನಪಿರುವುದು ಅವರ ಕೋಟಿನ ಕಾಲರು ನನ್ನ ಮುಷ್ಟಿಯಲ್ಲಿ ಇದ್ದದ್ದು. ಎಳೆದು ನಿಲ್ಲಿಸಿದೆ. ಅವರು ಕೆಮ್ಮಿ, ಉಗುಳಿ, ನನ್ನ ಭುಜ ಹಿಡಿದು ಉಸಿರು ಎಳೆದುಕೊಂಡರು. ಮುದುಕರ ಭಾರವೆಲ್ಲ ನನ್ನ ಮೇಲೆ ಇತ್ತು. “ಇಳಿಜಾರು ಸ್ವಲ್ಪ ಹೆಚ್ಚಾತು” ಎಂದರು. ನನಗೆ ನಗು ಬಂದುಬಿಟ್ಟಿತು, ಅವರೂ ಕೆಮ್ಮುತ್ತಲೇ ನಕ್ಕರು.

ಅಜ್ಜಿ ನಗಲಿಲ್ಲ. ಮೆಟ್ಟಿಲ ಮೇಲೆ ಎದ್ದು ನಿಂತಿದ್ದಳು, ಎರಡೂ ಕೈ ಬಾಯಿಯ ಮೇಲೆ.

“ಕೂಸೇ” ಎಂದಳು ಮೆಲ್ಲಗೆ, ಜೋರಾಗಿ ಅಂದರೆ ಏನೋ ಒಡೆದೀತು ಎಂಬಂತೆ. “ಕೈಹಿಡಿ ಎಲ್ಲೈತಿ ನೋಡು.”

ನಾನು ತಿರುಗಿ ನೋಡಿದೆ. ಅದು ದೂರದ ಗೋಡೆಯಲ್ಲಿತ್ತು.